ಸ್ವಾತಿಯಿಂದ ಹಿಂದಕ್ಕೆ

"ಅಣ್ಣಾ, ಹಗೇವಿನ ಬಾಯಿ ಮುಚ್ಚಿದೆಯೋ ಇಲ್ಲವೋ? ಮೋಡ ಕಟ್ಟಿದೆ ನೋಡು" ಎಂದು ಅವ್ವ ಕೇಳಿದಾಗ ರಾತ್ರಿ ಎರಡೂವರೆ ಗಂಟೆ.

ನಾನು ಅವಳ ಅಣ್ಣನಲ್ಲ, ಮಗ. ನನ್ನ ಸೋದರಮಾವ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಹಗೇವು, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ, ಇದ್ದ ಅವಳ ತವರುಮನೆ ಘಟಪ್ರಭೆಯ ದಂಡೆಯಲ್ಲಿತ್ತು. ಆಲಮಟ್ಟಿಯಲ್ಲಿ ನೀರು 519.60 ಮೀಟರಿಗೆ ನಿಲ್ಲತೊಡಗಿದ ಮೇಲೆ ಓಣಿಗೆ ಓಣಿಯೇ ಹಿನ್ನೀರಿನ ಕೆಳಗೆ ಹೋಯಿತು. ಮೋಡವಂತೂ ಇರಲೇ ಇಲ್ಲ. ಮಾರ್ಚ್ ತಿಂಗಳ ಬಾಗಲಕೋಟೆ, ಆಸ್ಪತ್ರೆಯ ಮೂರನೆಯ ಮಹಡಿ, ಗರಗರ ತಿರುಗುವ ಫ್ಯಾನು. ಎರಡು ದಿನದ ಹಿಂದಷ್ಟೇ ತೊಡೆಯೆಲುಬಿನ ಮುರಿದ ತಲೆಯನ್ನು ತೆಗೆದು ಲೋಹದ್ದನ್ನು ಕೂರಿಸಿದ್ದರು. ಅದರ ಪರಿವೆಯೇ ಇಲ್ಲದೆ ಎದ್ದು ಹೊರಡಲು ಹೆಣಗುತ್ತಿದ್ದಳು.

"ಮುಚ್ಚಿದ್ದೇನೆ, ಮಲಗು" ಎಂದೆ.

"ನೀನು ಯಾವಾಗಲೂ ಹೀಗೇ ಅನ್ನುತ್ತೀ. ಹೋದ ಸಲವೂ ಜೋಳ ಮುಗ್ಗಿತು."

ಆಮೇಲೆ ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಹೆಕ್ಕತೊಡಗಿದಳು. ಹೆಕ್ಕುವುದು, ಪಕ್ಕಕ್ಕೆ ಎಸೆಯುವುದು, ಮತ್ತೆ ಹೆಕ್ಕುವುದು. ಸ್ವಲ್ಪ ಹೊತ್ತು ನೋಡಿದ ಮೇಲೆ ತಿಳಿಯಿತು: ಅವ್ವ ಜೋಳ ಹಸನು ಮಾಡುತ್ತಿದ್ದಳು. ರೋಗಿ ಹಾಸಿಗೆಯ ನೂಲು ಕೀಳುವುದನ್ನು ಹಿಪೊಕ್ರೆಟಿಸನ ಕಾಲದಿಂದಲೂ ವೈದ್ಯರು ಕೆಟ್ಟ ಲಕ್ಷಣವೆಂದು ಬರೆದಿಟ್ಟಿದ್ದಾರೆ ಎಂಬುದನ್ನು ನಂತರ ಓದಿದೆ. ಆಗ ನನಗೆ ಕಂಡದ್ದು ಅವಳ ಬೆರಳಿನ ಚುರುಕು ಮಾತ್ರ. ಹರಳು ಸಿಕ್ಕಿದ ಕೂಡಲೇ ಹೆಬ್ಬೆರಳಿನಿಂದ ಚಿಮ್ಮುವ ಆ ಹಳೆಯ ರೀತಿ ಒಂದಿಷ್ಟೂ ಮಾಸಿರಲಿಲ್ಲ.

ನನ್ನ ಕಸುಬು ರಕ್ತದ್ದು. ಇಪ್ಪತ್ತೆರಡು ವರ್ಷದಿಂದ ನವನಗರದಲ್ಲಿ ಚಿಕ್ಕದೊಂದು ಲ್ಯಾಬ್ ನಡೆಸುತ್ತೇನೆ. ಬಂದವರನ್ನು ಮೊದಲು ಕೇಳುವುದು "ಏನಾದರೂ ತಿಂದು ಬಂದಿದ್ದೀರಾ?" ಎಂದು. ಎರಡನೆಯ ಪ್ರಶ್ನೆ "ಹಿಂದಿನ ರಿಪೋರ್ಟ್ ತಂದಿದ್ದೀರಾ?" ಬಹಳ ಜನ ತಂದಿರುವುದಿಲ್ಲ, ಮನೆಯಲ್ಲಿ ದೇವರ ಫೋಟೋ ಹಿಂದೆ ಸಿಕ್ಕಿಸಿದ್ದೇವೆ ಎನ್ನುತ್ತಾರೆ. ನಾನು ಬೈಯುತ್ತೇನೆ. ಹಿಮೋಗ್ಲೋಬಿನ್ ಹತ್ತು ಎಂದರೆ ಒಳ್ಳೆಯದೋ ಕೆಟ್ಟದ್ದೋ? ಹೋದ ತಿಂಗಳು ಹದಿಮೂರು ಇದ್ದವನಿಗೆ ಎಲ್ಲೋ ರಕ್ತ ಸೋರುತ್ತಿದೆ. ಏಳು ಇದ್ದ ಬಾಣಂತಿಗೆ ಹಬ್ಬ. ಹಿಂದಿನದು ಗೊತ್ತಿಲ್ಲದಿದ್ದರೆ ಕಾಗದದ ಮೇಲಿನ ಅಂಕಿಗೆ ಅರ್ಧವೇ ಅರ್ಥ. ಇದನ್ನು ಊರಿಗೆಲ್ಲ ಹೇಳುವ ನಾನು ಆ ರಾತ್ರಿ ಅವ್ವನ ಮಂಚದ ಬಳಿ ಕುಳಿತು ಅವಳ ಹಿಂದಿನ ರಿಪೋರ್ಟ್ ಹುಡುಕುತ್ತಿದ್ದೆ. ಹಿಮೋಗ್ಲೋಬಿನ್ನಿನದಲ್ಲ, ಬುದ್ಧಿಯದು.

ಅದು ಇದ್ದದ್ದು ನನ್ನ ಹೆಂಡತಿಯ ಹತ್ತಿರ. ಅಂದು ಸಂಜೆಯೇ ಅವಳು ಹೇಳಿದ್ದಳು: "ಅತ್ತೆ ಇವತ್ತು ಚಹಾಕ್ಕೆ ಸಕ್ಕರೆ ಕಡಿಮೆ ಎನ್ನಲಿಲ್ಲ."

ಮದುವೆಯಾಗಿ ಬಂದ ದಿನದಿಂದ ಅವ್ವ ಪ್ರತಿ ಚಹಾಕ್ಕೂ ಸಕ್ಕರೆ ಕಡಿಮೆ ಎಂದೇ ಹೇಳಿದವಳು. ಅದು ಅತ್ತೆ ಸೊಸೆಯರ ನಡುವಿನ ನಿತ್ಯದ ಜಗಳವೂ ಹೌದು, ಸಲಿಗೆಯೂ ಹೌದು. ಅಂದು ಕೊಟ್ಟದ್ದನ್ನು ಸುಮ್ಮನೆ ಕುಡಿದು ಗೋಡೆಯ ಕಡೆ ತಿರುಗಿದ್ದಳು. ನಾನು ನಕ್ಕುಬಿಟ್ಟೆ: "ಪುಣ್ಯ, ಇವತ್ತಾದರೂ ನಿನಗೆ ಬಿಡುವು." ರೋಗಿಯ ಹಾಳೆಯಲ್ಲಿ ಅದೇ ಹೊತ್ತಿಗೆ ನರ್ಸ್ ಬರೆದದ್ದು "ಆರಾಮವಾಗಿದ್ದಾರೆ" ಎಂದು. ಆಪರೇಷನ್ ಆದ ಮುದುಕರಲ್ಲಿ ಬರುವ ಈ ಗೊಂದಲಕ್ಕೆ ಎರಡು ಮುಖ. ಒಂದು ಕೂಗಾಡಿ ಸಲೈನ್ ಕಿತ್ತೆಸೆಯುವುದು. ಇನ್ನೊಂದು ತೆಪ್ಪಗೆ ಮಂಕಾಗಿ ಬಿದ್ದಿರುವುದು. ಮೊದಲನೆಯದು ಇಡೀ ವಾರ್ಡಿಗೆ ಕೇಳಿಸುತ್ತದೆ. ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ, ಯಾಕೆಂದರೆ ಅಂಥ ರೋಗಿ ಯಾರಿಗೂ ತೊಂದರೆ ಕೊಡುವುದಿಲ್ಲ.

ಕನ್ನಡಕ್ಕೆ ಇದರ ಹೆಸರು ಹೊಸದಲ್ಲ. ಸನ್ನಿ ಎನ್ನುತ್ತೇವೆ, ಮೂರು ದೋಷಗಳೂ ಒಟ್ಟಿಗೆ ಕೆರಳುವ ಸನ್ನಿಪಾತದಿಂದ ಸವೆದು ಬಂದ ಮಾತು. ಅರಳು ಮರಳು ಎನ್ನುವುದು ಬೇರೆ. ಸನ್ನಿ ಒಂದೆರಡು ದಿನದಲ್ಲಿ, ಒಮ್ಮೊಮ್ಮೆ ಒಂದೆರಡು ಗಂಟೆಯಲ್ಲಿ ಹಿಡಿಯುತ್ತದೆ, ಬೆಳಿಗ್ಗೆ ಇಳಿದು ರಾತ್ರಿ ಏರುತ್ತದೆ. ಅರಳು ಮರಳಿಗೆ ವರ್ಷಗಳು ಬೇಕು. ಇವೆರಡರ ನಡುವೆ ಹಳ್ಳಿಯ ಮಾತಿಗೆ ಸಿಗದ ಮೂರನೆಯದೊಂದು ಇದೆ. ಸನ್ನಿಯೂ ಅಲ್ಲ, ಮರುಳೂ ಅಲ್ಲ. ಮನುಷ್ಯ ಮನೆಗೆ ಬರುತ್ತಾನೆ, ನಡೆಯುತ್ತಾನೆ, ಉಣ್ಣುತ್ತಾನೆ, ಆದರೆ ಲೆಕ್ಕ ತಪ್ಪುತ್ತಾನೆ, ಹೇಳಿದ್ದನ್ನೇ ಹೇಳುತ್ತಾನೆ. 2018ರಲ್ಲಿ ತಜ್ಞರು ಕೂಡಿ ಈ ಮೂರನೆಯದಕ್ಕೆ ಹೊಸ ಹೆಸರು ಕೊಟ್ಟರು: ಮೊದಲ ಮೂವತ್ತು ದಿನ ಕಂಡರೆ ಅದು ತಡವಾಗುತ್ತಿರುವ ಚೇತರಿಕೆ, ಅದನ್ನು ದಾಟಿ ಒಂದು ವರ್ಷದ ಒಳಗೆ ಕಂಡರೆ ಶಸ್ತ್ರಚಿಕಿತ್ಸೆಯ ನಂತರದ ಅರಿವಿನ ತೊಂದರೆ.

ಬೆಳಗಾದೊಡನೆ ನಾನು ಮಾಡಿದ ಕೆಲಸ ಎಂಥದೆಂದರೆ, ಅವ್ವನ ತೋಳಿಗೆ ಪಟ್ಟಿ ಕಟ್ಟಿ ಮೂರು ಟ್ಯೂಬ್ ರಕ್ತ ತೆಗೆದೆ. ಬಡಿಗನ ಕೈಗೆ ಬಾಚಿಯೇ ಸಿಗುವುದು. ಒಂದು ಹಳದಿ ಮುಚ್ಚಳದ್ದು, ಎರಡು ನೇರಳೆ. ಹಳದಿಯದು ಸೋಡಿಯಂ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ಉರಿಯೂತ ಹೇಳುವ ಸಿಆರ್‌ಪಿಗೆ. ನೇರಳೆಯಲ್ಲಿ ಒಂದು ರಕ್ತಕಣಗಳ ಎಣಿಕೆಗೆ. ಇನ್ನೊಂದು ಯಾತಕ್ಕೆ ಎಂದು ಯಾರಾದರೂ ಕೇಳಿದ್ದರೆ ನಾಚಿಕೊಳ್ಳುತ್ತಿದ್ದೆ. ರಾತ್ರಿಯಿಡೀ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಮೊಬೈಲಿನಲ್ಲಿ ಓದಿದ್ದೆ: ಮೆದುಳಿಗೆ ಏಟು ಬಿದ್ದಾಗ ರಕ್ತದಲ್ಲಿ ಕಾಣುವ ಪ್ರೋಟೀನುಗಳ ಬಗ್ಗೆ. ಹಾಗಾದರೆ ಉತ್ತರ ಈ ಟ್ಯೂಬಿನಲ್ಲಿದೆ, ತೆಗೆದುಕೊಳ್ಳುವುದಷ್ಟೇ ಬಾಕಿ ಎಂದುಕೊಂಡಿದ್ದೆ.

ಲ್ಯಾಬಿನವನಾಗಿ ಓದುತ್ತಾ ಹೋದಂತೆ ಆ ಹುಮ್ಮಸ್ಸು ಇಳಿಯಿತು. ಎಸ್100ಬಿ ಎಂಬುದೊಂದಿದೆ, ಮೆದುಳಿನ ಪೋಷಕ ಕೋಶಗಳಲ್ಲಿ ಇರುವುದು. ಒಂದು ಕಾಲದಲ್ಲಿ ಹೃದಯದ ಆಪರೇಷನ್ ಆದವರಲ್ಲಿ ಅದು ಏರುವುದನ್ನು ಕಂಡು ಮೆದುಳಿನ ಹಾನಿಯೆಂದೇ ತಿಳಿದಿದ್ದರು. ಆಮೇಲೆ ಗೊತ್ತಾಯಿತು, ಅದು ಕೊಬ್ಬಿನಲ್ಲೂ ಇದೆ. ಎದೆ ಸೀಳುವಾಗ ಕತ್ತರಿಸಿದ ಕೊಬ್ಬಿನಿಂದಲೇ ರಕ್ತಕ್ಕೆ ಸೇರುತ್ತಿತ್ತು. ಇನ್ನೊಂದು ಎನ್‌ಎಸ್‌ಇ, ನರಕೋಶದ ಕಿಣ್ವ. ಆದರೆ ಅದು ಕೆಂಪು ರಕ್ತಕಣದಲ್ಲೂ ಇರುತ್ತದೆ. ಅವಸರದಲ್ಲಿ ಸಿರಿಂಜ್ ಎಳೆದು ಕಣಗಳು ಒಡೆದರೆ, ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಒಣಹುಲ್ಲಿನ ಬಣ್ಣ ಬಿಟ್ಟು ನಸುಗೆಂಪಾದರೆ, ಎನ್‌ಎಸ್‌ಇ ತಾನಾಗಿ ಏರುತ್ತದೆ. ಅಂದರೆ ರೋಗಿಯ ಮೆದುಳು ನೆಟ್ಟಗಿದ್ದು, ರಕ್ತ ತೆಗೆದವನ ಕೈ ಸರಿಯಿಲ್ಲದಿದ್ದರೂ ರಿಪೋರ್ಟ್ ಕೆಟ್ಟದಾಗಿ ಬರುತ್ತದೆ. ಅಂಥ ಕೈಗಳನ್ನು ನಾನು ಬಹಳ ನೋಡಿದ್ದೇನೆ. ಹೊಸದರಲ್ಲಿ ನನ್ನದೂ ಹಾಗೇ ಇತ್ತು.

ಸಿಆರ್‌ಪಿ ನಮಗೆ ಹಳೆಯ ನೆಂಟ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಅದನ್ನು ಕಂಡರು. ದೇಹದಲ್ಲಿ ಎಲ್ಲಿ ಉರಿಯೂತವಾದರೂ ಯಕೃತ್ತು ಅದನ್ನು ಸುರಿಯುತ್ತದೆ. ಆಪರೇಷನ್ ಎಂದರೆ ವೈದ್ಯರೇ ಮಾಡಿದ ಗಾಯ. ಕತ್ತಿ ತಾಗಿದ ಕೆಲವು ಗಂಟೆಗಳಲ್ಲಿ ಉರಿಯೂತದ ಸುದ್ದಿ ಒಯ್ಯುವ ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನು ಏರುತ್ತದೆ, ಅದು ಕೂಗಿ ಕರೆದಂತೆ ಎರಡು ಮೂರನೆಯ ದಿನಕ್ಕೆ ಸಿಆರ್‌ಪಿ ತುದಿ ಮುಟ್ಟುತ್ತದೆ. ಈ ಉರಿಯ ಸುದ್ದಿ ಮೆದುಳಿಗೂ ಹೋಗುತ್ತದೆ, ವಯಸ್ಸಾದ ಮೆದುಳು ಅದಕ್ಕೆ ಬೇಗ ತತ್ತರಿಸುತ್ತದೆ ಎಂಬುದು ಸದ್ಯ ಹೆಚ್ಚಿನವರು ಒಪ್ಪುವ ವಿವರಣೆ. ಸನ್ನಿ ಹಿಡಿದವರ ಗುಂಪಿನಲ್ಲಿ ಇವೆರಡೂ ಸರಾಸರಿ ಹೆಚ್ಚು ಎಂದು ಅನೇಕ ಅಧ್ಯಯನಗಳು ತೋರಿಸಿವೆ. ಆದರೆ ಗುಂಪಿನ ಮಾತು ಬೇರೆ, ಮಂಚದ ಮಾತು ಬೇರೆ. ಅವ್ವನ ಸಿಆರ್‌ಪಿ ಅಂದು 96 ಬಂತು. ಪಕ್ಕದ ಮಂಚದಲ್ಲಿ ಮೊಣಕಾಲು ಬದಲಿಸಿಕೊಂಡ ನಿವೃತ್ತ ಮೇಷ್ಟ್ರದ್ದು 110. ಅವರು ದಿನಪತ್ರಿಕೆ ಹಿಡಿದು ಕಬ್ಬಿನ ಬಾಕಿ ಬಗ್ಗೆ ಸರ್ಕಾರವನ್ನು ಬೈಯುತ್ತಾ ಕುಳಿತಿದ್ದರು.

ಈಚಿನ ವರ್ಷಗಳ ತಾರೆ ಎಂದರೆ ನ್ಯೂರೋಫಿಲಮೆಂಟ್ ಲೈಟ್. ನರತಂತುವಿನ ಒಳಗಿನ ಹಂದರದ ಕಡ್ಡಿ ಎನ್ನಿ. ತಂತು ಜಖಂ ಆದಾಗ ಕಡ್ಡಿ ಉದುರಿ ಹೊರಗೆ ಬರುತ್ತದೆ. ರಕ್ತದಲ್ಲಿ ಇದರ ಪ್ರಮಾಣ ಪಿಕೋಗ್ರಾಮಿನಲ್ಲಿ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲು. ಮೊದಲು ಬೆನ್ನುಹುರಿಯ ದ್ರವ ತೆಗೆದೇ ಅಳೆಯಬೇಕಿತ್ತು; ಒಂದೊಂದು ಅಣುವನ್ನೂ ಎಣಿಸುವ ಯಂತ್ರಗಳು ಬಂದ ಮೇಲೆ ತೋಳಿನ ರಕ್ತದಲ್ಲೂ ಸಿಗುತ್ತದೆ. 2018ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ, ಮೆದುಳಿಗೆ ಸಂಬಂಧವೇ ಇಲ್ಲದ ಆಪರೇಷನ್ ಆದವರಲ್ಲೂ ಇದು ಮತ್ತು ಟೌ ಎಂಬ ಇನ್ನೊಂದು ಪ್ರೋಟೀನು ಮೊದಲಿಗಿಂತ ಏರಿದ್ದು ಕಂಡಿತು. ಓದಿ ಮೈ ಜುಂ ಎಂದಿತು. ಆದರೆ ಈ ಕಡ್ಡಿ ವಯಸ್ಸಾದಂತೆ ಎಲ್ಲರಲ್ಲೂ ಏರುತ್ತದೆ, ಮೂತ್ರಪಿಂಡ ಸೋತರೆ ಏರುತ್ತದೆ, ಕೈಕಾಲಿನ ನರ ಜಖಂ ಆದರೂ ಏರುತ್ತದೆ. ಎಲ್ಲೋ ಗೋಡೆ ಕುಸಿದಿದೆ ಎನ್ನುತ್ತದೆ. ಯಾವ ಓಣಿ, ಯಾರ ಮನೆ ಎಂದು ಹೇಳುವುದಿಲ್ಲ. ಟೌವಿನದೇ ಒಂದು ರೂಪವಾದ ಪಿ-ಟೌ217 ಎಂಬುದು ಇದಕ್ಕಿಂತ ಖಚಿತ, ಆಲ್ಝೈಮರ್ ಎಂಬ ಮರೆವಿನ ರೋಗಕ್ಕೆ ಸಂಬಂಧಿಸಿದ್ದು. ಅದನ್ನು ಆ ರೋಗದ ಇನ್ನೊಂದು ಪ್ರೋಟೀನಾದ ಅಮಿಲಾಯ್ಡ್ ಜೊತೆ ಹೋಲಿಸಿ ನೋಡುವ ರಕ್ತಪರೀಕ್ಷೆಯೊಂದಕ್ಕೆ ಅಮೆರಿಕದ ಔಷಧ ನಿಯಂತ್ರಕರು 2025ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟರು. ಆದರೆ ಅದು ಮರೆವಿನ ಲಕ್ಷಣ ಇರುವವರಿಗೆ; ಬಚ್ಚಲಲ್ಲಿ ಜಾರಿ ಎಲುಬು ಮುರಿದುಕೊಂಡವರಿಗಲ್ಲ.

ಎರಡನೆಯ ನೇರಳೆ ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿ, ಕಣಗಳ ಮೇಲೆ ನಿಂತ ತಿಳಿಯನ್ನು, ಪ್ಲಾಸ್ಮಾವನ್ನು, ಪುಟ್ಟ ಶೀಶೆಗೆ ಹಾಕಿ, "ಅವ್ವ" ಎಂದು ಬರೆದು ಫ್ರೀಜರಿನಲ್ಲಿಟ್ಟೆ. ದೊಡ್ಡ ಊರಿನ ಯಾವುದಾದರೂ ಲ್ಯಾಬಿಗೆ ಕಳಿಸೋಣ ಎಂಬ ಆಸೆ. ಇಟ್ಟು ಬಾಗಿಲು ಹಾಕುವಾಗ ನನ್ನದೇ ಪ್ರಶ್ನೆ ನನಗೆ ತಿರುಗಿತು: ಹಿಂದಿನ ರಿಪೋರ್ಟ್ ಎಲ್ಲಿದೆ? ಆಪರೇಷನ್‌ಗೆ ಮುಂಚೆ ತೆಗೆದ ಅವಳ ಸೀರಮ್ ಇನ್ನೂ ರ‍್ಯಾಕಿನಲ್ಲಿತ್ತು; ವಾರ ಇಟ್ಟು ಚೆಲ್ಲುವುದು ನಮ್ಮ ಪದ್ಧತಿ. ಆದರೆ ಅದೂ ಬಿದ್ದ ಮೇಲಿನ ರಕ್ತವೇ. ಎಲುಬು ಮುರಿದು, ಇಡೀ ರಾತ್ರಿ ನೋವಿನಲ್ಲಿ ಕಳೆದ ಮೇಲಿನದು. ನೆಟ್ಟಗಿದ್ದ ಅವ್ವನ ರಕ್ತ ನನ್ನ ಹತ್ತಿರ ಒಂದು ಹನಿಯೂ ಇರಲಿಲ್ಲ. ನೂರಾರು ಜನರ ರಕ್ತ ತೆಗೆದವನು ಸ್ವಂತ ತಾಯಿಯದನ್ನು ಸಕ್ಕರೆ ನೋಡಲು ಬಿಟ್ಟರೆ ಬೇರೆ ಯಾತಕ್ಕೂ ತೆಗೆದವನಲ್ಲ.

ಇಷ್ಟೆಲ್ಲ ಆಗುವಷ್ಟರಲ್ಲಿ ಹಳದಿ ಟ್ಯೂಬಿನ ಸೋಡಿಯಂ ಬಂದಿತ್ತು: 126. ಇರಬೇಕಾದದ್ದು 135ರಿಂದ 145.

ನನಗೆ ಅಳು ಬಂತೋ ನಗು ಬಂತೋ ಈಗಲೂ ಹೇಳಲಾರೆ. ಲಕ್ಷ ಕೋಟಿಯ ಒಂದು ಪಾಲನ್ನು ಹುಡುಕುತ್ತಿದ್ದವನಿಗೆ ಅಡುಗೆಮನೆಯ ಉಪ್ಪು ಸಿಕ್ಕಿತ್ತು. ಅವ್ವ ರಕ್ತದೊತ್ತಡಕ್ಕೆ ನುಂಗುತ್ತಿದ್ದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಥಯಾಜೈಡ್ ಇತ್ತು. ವಯಸ್ಸಾದ ಹೆಂಗಸರಲ್ಲಿ ಅದು ಸೋಡಿಯಂ ಇಳಿಸುವುದು ಹೊಸದಲ್ಲ. ಮೇಲೆ ಎರಡು ದಿನ ಸರಿಯಾಗಿ ಊಟವಿಲ್ಲ. ಇಳಿದ ಸೋಡಿಯಂ ಒಂದೇ ಸನ್ನಿ ತಂದಿತು ಎಂದು ವೈದ್ಯರು ಹೇಳಲಿಲ್ಲ. ಇಂಥದ್ದು ಒಂದರಿಂದ ಆಗುವುದಿಲ್ಲ, ನಾಲ್ಕೈದು ಕೂಡಿ ಆಗುತ್ತದೆ ಎಂದರು. ಆ ಮಾತ್ರೆ ನಿಲ್ಲಿಸಿದರು, ಸೋಡಿಯಂ ನಿಧಾನವಾಗಿ ಏರಿಸಿದರು. ಅವಸರ ಮಾಡಿದರೆ ಅದರಿಂದಲೇ ಮೆದುಳಿಗೆ ಅಪಾಯ.

ಉಳಿದ ನಾಲ್ಕರಲ್ಲಿ ಕೆಲವಕ್ಕೆ ಟ್ಯೂಬ್ ಬೇಕಿರಲಿಲ್ಲ. ಆಪರೇಷನ್ ಕೋಣೆಗೆ ಒಯ್ಯುವಾಗ ಅವ್ವನ ಕನ್ನಡಕ, ಹಲ್ಲಿನ ಸೆಟ್ಟು, ಕೈಬಳೆ ಎಲ್ಲ ತೆಗೆದು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟಿದ್ದರು. ನಾನು ಅದನ್ನು ಗಾಡಿಯ ಡಿಕ್ಕಿಯಲ್ಲಿಟ್ಟು ಮರೆತಿದ್ದೆ. ಮೂರು ದಿನ ಅವಳಿಗೆ ಜಗತ್ತು ಮಂಜು. ಮಂಜಿನಲ್ಲಿ ಬಂದು ಸೂಜಿ ಚುಚ್ಚಿ ಹೋಗುವ ನೆರಳುಗಳು. ಎರಡನೆಯ ರಾತ್ರಿ ನಾನು ಚಹಾಕ್ಕೆಂದು ಕೆಳಗೆ ಹೋದಾಗ, ಸಲೈನ್ ಕೀಳುತ್ತಾಳೆಂದು ಬ್ಯಾಂಡೇಜ್ ಬಟ್ಟೆಯಿಂದ ಅವಳ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು, ನಿದ್ದೆಯ ಇಂಜೆಕ್ಷನ್ ಬೇರೆ. ಬಂದು ಬಿಚ್ಚಿದೆ. ಮಣಿಕಟ್ಟಿನ ಮೇಲೆ ಕೆಂಪು ಗೆರೆ. ಅಲ್ಲಿದ್ದ ಹುಡುಗಿ ಒಬ್ಬಳೇ ಮೂವತ್ತು ಮಂಚ ನೋಡಬೇಕಿತ್ತು. ಅವಳ ಮೇಲೆ ಸಿಟ್ಟು ಮಾಡಿ ಏನು ಬಂತು ಎಂದು ಈಗ ಅನ್ನಿಸುತ್ತದೆ. ಆಗ ಮಾತ್ರ ಸಿಟ್ಟು ಮಾಡಿದೆ.

ಅಮೆರಿಕದ ನ್ಯೂ ಹೇವನ್‌ನಲ್ಲಿ ಷರಾನ್ ಇನೊಯೆ ಎಂಬ ವೈದ್ಯೆ ಮತ್ತು ಸಂಗಡಿಗರು ಎಪ್ಪತ್ತು ದಾಟಿದ 852 ರೋಗಿಗಳ ಮೇಲೆ ಮಾಡಿದ ಅಧ್ಯಯನ 1999ರಲ್ಲಿ ಬಂತು. ಔಷಧವೇನಿಲ್ಲ. ಕನ್ನಡಕ ಹಾಕುವುದು, ಕಿವಿಯ ಯಂತ್ರ ಕೊಡುವುದು, ಇಂದು ಯಾವ ವಾರ ಎಂದು ಹೇಳುತ್ತಿರುವುದು, ನೀರು ಕುಡಿಸುವುದು, ಎಬ್ಬಿಸಿ ನಡೆಸುವುದು, ರಾತ್ರಿ ಸದ್ದು ಮಾಡದೆ ಮಲಗಲು ಬಿಡುವುದು. ಮಾಮೂಲಿ ವಾರ್ಡಿನಲ್ಲಿ ಶೇ. 15 ಇದ್ದ ಸನ್ನಿ ಇವರಲ್ಲಿ ಶೇ. 9.9. ಅವರು ಆಪರೇಷನ್ ಆದವರಲ್ಲ, ಬೇರೆ ಕಾಯಿಲೆಗೆ ಸೇರಿದವರು. ಆದರೂ ಗಾಡಿಯ ಡಿಕ್ಕಿ ನೆನಪಾಗಿ ನನಗೆ ಆ ಅಂಕಿ ಚುಚ್ಚಿತು. ಹೆಂಡತಿ ಇದಾವುದನ್ನೂ ಓದಿದವಳಲ್ಲ. ಕನ್ನಡಕ ತೊಳೆದು ಹಾಕಿದಳು, ಹಲ್ಲು ಕೂರಿಸಿದಳು, ಮಂಚವನ್ನು ಕಿಟಕಿಯ ಕಡೆ ಎಳೆಸಿದಳು.

ನೋಡಲು ಬಂದವರು ತಲೆಗೊಂದು ಮಾತು ಬಿಟ್ಟು ಹೋದರು. ಗಾಳಿ ಸೋಕಿದೆ ಎಂದವರನ್ನು ಸಹಿಸಿಕೊಂಡೆ. ಬೆನ್ನಿಗೆ ಇಂಜೆಕ್ಷನ್ ಕೊಡಿಸಿದ್ದೇ ತಪ್ಪು, ಅದು ತಲೆಗೆ ಏರಿತು ಎಂದು ನಮ್ಮ ಚಿಕ್ಕಪ್ಪ ಹೇಳಿದರು. ಪೂರ್ತಿ ಮಂಪರು ಕೊಡಿಸಿದ್ದರೆ ಆಗುತ್ತಿರಲಿಲ್ಲವಂತೆ. ಪಕ್ಕದ ಮಂಚದವರ ಮಗನ ವಾದ ಇದಕ್ಕೆ ತದ್ವಿರುದ್ಧ. ಅರಿವಳಿಕೆ ಎಂಬ ಪದವೇ ಹೆದರಿಸುವಂತಿದೆ, ಅರಿವನ್ನೇ ಅಳಿಸುವುದು. ಆದರೆ ತೊಡೆಯೆಲುಬು ಮುರಿದ 1600 ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಬೆನ್ನಿಗೆ, ಇನ್ನೊಂದಕ್ಕೆ ಪೂರ್ತಿ ಅರಿವಳಿಕೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂದಿದೆ: ಸನ್ನಿ ಎರಡೂ ಕಡೆ ಹೆಚ್ಚುಕಡಿಮೆ ಐದರಲ್ಲಿ ಒಬ್ಬರಿಗೆ. ಚಿಕ್ಕಪ್ಪನಿಗೆ ಹೇಳಿದೆ. "ಅವರಿಗೆ ಏನು ಗೊತ್ತು" ಎಂದು ಎದ್ದು ಹೋದರು.

ನಾಲ್ಕನೆಯ ದಿನ ಬಂದ ಯುವ ವೈದ್ಯರು ಮಂಚದ ಅಂಚಿಗೆ ಕುಳಿತು ಪ್ರೀತಿಯಿಂದಲೇ ಕೇಳಿದರು: "ಅಜ್ಜಿ, ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳುಗಳನ್ನು ಹೇಳಿ." ಗಮನ ನಿಲ್ಲುತ್ತದೆಯೇ ಎಂದು ನೋಡುವ ಪರೀಕ್ಷೆ. ಸನ್ನಿಯಲ್ಲಿ ಮೊದಲು ಕೈಕೊಡುವುದು ನೆನಪಿಗಿಂತ ಗಮನ. ಅವ್ವ ಓದಿದ್ದು ಎರಡನೆಯ ಇಯತ್ತೆ. ಜನವರಿಯಿಂದ ಮುಂದಕ್ಕೇ ಅವಳು ಎಂದೂ ಹೇಳಿದವಳಲ್ಲ. ಸುಮ್ಮನೆ ಅವರ ಮುಖ ನೋಡಿದಳು. ವೈದ್ಯರು ಹಾಳೆಯ ಮೇಲೆ ಬರೆಯಲು ಪೆನ್ನು ತೆಗೆದಾಗ ಹೆಂಡತಿ ಹೇಳಿದಳು: "ಡಾಕ್ಟರೇ, ಮಳೆ ಕೇಳಿ."

ಅವರಿಗೆ ಅರ್ಥವಾಗಲಿಲ್ಲ. ಇವಳೇ ಕೇಳಿದಳು: "ಅತ್ತೆ, ರೋಹಿಣಿ ಮಳೆಯಾದರೆ?"

"ಓಣಿಯೆಲ್ಲ ಜೋಳ" ಎಂದಳು ಅವ್ವ ತಟ್ಟನೆ. ಮುಂದಕ್ಕೆ ಹೇಳು ಎಂದದ್ದಕ್ಕೆ ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಸ್ವಾತಿಯವರೆಗೆ ಒಂದೇ ಉಸಿರಿಗೆ ಹೋದಳು. ವೈದ್ಯರು ನಕ್ಕರು. ಈಗ ಸ್ವಾತಿಯಿಂದ ಹಿಂದಕ್ಕೆ. "ಸ್ವಾತಿ" ಎಂದಳು. ನಿಂತಳು. ಕಿಟಕಿ ನೋಡಿದಳು. "ಸ್ವಾತಿ... ರೋಹಿಣಿ. ಓಣಿಯೆಲ್ಲ ಜೋಳ." ಮತ್ತೆ ಬೆರಳು ಹೊದಿಕೆಯ ಅಂಚಿಗೆ ಹೋಯಿತು.

ಎಂಟನೆಯ ದಿನ ಮನೆಗೆ ಬಂದೆವು. ಸೋಡಿಯಂ 136. ಒಂಬತ್ತನೆಯ ದಿನ ಬೆಳಿಗ್ಗೆ ಹೆಂಡತಿ ಕೊಟ್ಟ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು, ಒಂದು ಗುಟುಕು ಕುಡಿದು, ಕೆಳಗಿಟ್ಟು ಅವ್ವ ಹೇಳಿದಳು: "ಸಕ್ಕರೆ ತುಟ್ಟಿಯಾಗಿದೆಯೇನು?" ಹೆಂಡತಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಅಷ್ಟಕ್ಕೆ ಮುಗಿಯಿತು ಎನ್ನಲಾರೆ. ಹಾಲಿನ ಲೆಕ್ಕವನ್ನು ಅಡುಗೆಮನೆಯ ಗೋಡೆಗೆ ಇದ್ದಿಲಿನ ಗೆರೆ ಹಾಕಿ ಇಡುತ್ತಿದ್ದವಳು ಏಪ್ರಿಲ್‌ನಲ್ಲಿ ಒಂದೇ ದಿನಕ್ಕೆ ಎರಡು ಗೆರೆ ಎಳೆದಳು, ಎರಡು ಸಲ. ಹಾಗೆ ಎಣಿಸುತ್ತಾ ಹೋದರೆ ಇನ್ನೂ ನಾಲ್ಕು ಸಿಗುತ್ತವೆ. 1955ರಲ್ಲಿ ಬ್ರಿಟನ್ನಿನ ಬೆಡ್‌ಫರ್ಡ್ ಎಂಬ ವೈದ್ಯ ಇದರ ಬೆನ್ನು ಹತ್ತಿದ್ದೂ ಮನೆಯವರ ಇಂಥ ಮಾತು ಕೇಳಿಯೇ: ಆಪರೇಷನ್ ಆದ ಮೇಲೆ ಮೊದಲಿನಂತಿಲ್ಲ ಎಂದು. 1998ರಲ್ಲಿ ಬಂದ ದೊಡ್ಡ ಅಧ್ಯಯನ ಅರವತ್ತು ದಾಟಿದ 1218 ಜನರಿಗೆ ಆಪರೇಷನ್‌ಗೆ ಮುಂಚೆಯೇ ನೆನಪಿನ, ಗಮನದ ಪರೀಕ್ಷೆ ಮಾಡಿಟ್ಟುಕೊಂಡಿತ್ತು. ವಾರದ ನಂತರ ಶೇ. 25.8 ಜನ ಹಿಂದೆ ಬಿದ್ದಿದ್ದರು, ಮೂರು ತಿಂಗಳಿಗೆ ಶೇ. 9.9. ಹೋಲಿಕೆಗೆಂದು ಇಟ್ಟ, ಆಪರೇಷನ್ನೇ ಇಲ್ಲದವರಲ್ಲೂ ಮೂರು ತಿಂಗಳಿಗೆ ಶೇ. 2.8 ಜನ ಹಿಂದೆ ಬಿದ್ದಿದ್ದರು. ನಾನು ಮತ್ತೆ ಮತ್ತೆ ಓದುವುದು ಈ ಕೊನೆಯ ಅಂಕಿಯನ್ನು. ಜಾರದೆ, ಮುರಿಯದೆ, ಸುಮ್ಮನೆ ಮನೆಯಲ್ಲಿದ್ದರೂ ಅವ್ವ ಏಪ್ರಿಲ್‌ನಲ್ಲಿ ಎರಡು ಗೆರೆ ಎಳೆಯುತ್ತಿದ್ದಳೋ ಏನೋ.

ಹಳೆಯ ಸೀರಮ್ ಚೆಲ್ಲಿದ್ದೇನೆ. ಶೀಶೆ ಇನ್ನೂ ಫ್ರೀಜರಿನಲ್ಲಿದೆ. ನನ್ನದು ಮೈನಸ್ ಇಪ್ಪತ್ತು ಡಿಗ್ರಿಯದು, ಕರೆಂಟ್ ಹೋದರೆ ಅದೂ ಇಲ್ಲ. ಇಂಥ ಪ್ರೋಟೀನಿಗೆ ಮೈನಸ್ ಎಂಬತ್ತು ಬೇಕು. ಎಸೆಯಲು ಕೈ ಬಂದಿಲ್ಲ.

ಜೂನ್‌ನಲ್ಲಿ ಮೃಗಶಿರಾ ಹುಟ್ಟಿದ ಎರಡನೆಯ ದಿನ ಒಂದು ಹದ ಮಳೆ ಬಿತ್ತು. ಅವ್ವ ಕೋಲು ಊರಿಕೊಂಡು ಕಟ್ಟೆಗೆ ಬಂದು ಕುಳಿತಳು. ನಾನು ಪಕ್ಕದಲ್ಲಿ ಕುಳಿತು, ಮಾತಿಗೆ ಕೇಳಿದಂತೆ ಕೇಳಿದೆ: ಸ್ವಾತಿಯಿಂದ ಹಿಂದಕ್ಕೆ ಹೇಳು ನೋಡೋಣ. "ಮತ್ತೆ ಪರೀಕ್ಷೆಯೇ?" ಎಂದು ನಕ್ಕಳು. ಆಮೇಲೆ ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳಿಟ್ಟು ಎಣಿಸಿದಳು: "ಸ್ವಾತಿ, ಚಿತ್ತಾ, ಹಸ್ತಾ, ಉತ್ತರಾ... ಮಘಾ, ಆಶ್ಲೇಷಾ, ಪುಷ್ಯ, ಪುನರ್ವಸು, ಆರಿದ್ರಾ, ಮೃಗಶಿರಾ, ರೋಹಿಣಿ."

ಉತ್ತರಾಕ್ಕೂ ಮಘಾಕ್ಕೂ ನಡುವೆ ಹುಬ್ಬಾ ಬರಲಿಲ್ಲ.

ಒಳಗೆ ಹೋಗಿ ಹೆಂಡತಿಯನ್ನು ಕೇಳಿದೆ. "ಬೀಳುವ ಮೊದಲು ಹಿಂದಕ್ಕೆ ಹೇಳುವಾಗ ಹುಬ್ಬಾ ಹೇಳುತ್ತಿದ್ದಳೇ?"

ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸದೆ ಅವಳು ಹೇಳಿದಳು: "ಹಿಂದಕ್ಕೆ ಹೇಳು ಎಂದು ಅವರನ್ನು ಯಾರು ಕೇಳಿದ್ದರು?"